ಕೊಳ್ಳುವ ಮುನ್ನ ತಿರುಗಿಸಿ ನೋಡು

ಮಗಳೇ,

ಬಿಸಿಎ ಸೀಟು ಖಾತ್ರಿಯಾದ ಮೇಲೆ ನೀನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮೂರೂ ಲಿಂಕ್ ನೋಡಿದೆ. ಒಂದು, ಕೀಬೋರ್ಡ್ ಕಳಚಿದರೆ ಟ್ಯಾಬ್ ಆಗುತ್ತದಂತೆ. ಇನ್ನೊಂದರ ಪರದೆ ಬೆನ್ನಿನ ಕಡೆಗೆ ಪೂರ್ತಿ ಮಡಚಿಕೊಳ್ಳುತ್ತದಂತೆ. ಮೂರನೆಯದು ಎಷ್ಟು ತೆಳ್ಳಗಿದೆಯೆಂದರೆ ಪಕ್ಕದಲ್ಲಿರುವ ಎರಡು ಸಣ್ಣ ತೂತು ಬಿಟ್ಟರೆ ಮಾಮೂಲಿ ಪೆನ್‌ಡ್ರೈವ್ ಚುಚ್ಚುವುದಕ್ಕೂ ಜಾಗವಿಲ್ಲ. ‘ದೊಡ್ಡಪ್ಪ, ಯಾವುದು ತಗೊಳ್ಳಲಿ? ಬೇಗ ಹೇಳಿ, ಆಫರ್ ಮುಗಿಯುತ್ತೆ’ ಅಂತ ಬರೆದಿದ್ದೀಯ. ಆಫರ್ ಮತ್ತೆ ಬರುತ್ತದೆ, ಅದರ ಚಿಂತೆ ಬಿಡು. ದುರ್ಗಿಗುಡಿಯ ಅಂಗಡಿಯಲ್ಲಿ ಈ ಪೆಟ್ಟಿಗೆಗಳ ಬೆನ್ನು ಬಿಚ್ಚುತ್ತಲೇ ತಲೆ ಹಣ್ಣು ಮಾಡಿಕೊಂಡವನು ನಾನು. ನೀನು ಕಳಿಸಿದ ಲಿಂಕುಗಳಲ್ಲಿ ಎಲ್ಲ ದಿಕ್ಕಿನ ಫೋಟೊ ಇದೆ, ಬೆನ್ನಿನದು ಒಂದೂ ಇಲ್ಲ. ನಾನು ಹೇಳಬೇಕಾದ್ದು ಅಲ್ಲಿಂದಲೇ ಶುರುವಾಗುತ್ತದೆ.

ಕಂಪ್ಯೂಟರು ಮೇಜಿನಿಂದ ತೊಡೆಗೆ ಬಂತು, ತೊಡೆಯಿಂದ ಅಂಗೈಗೆ ಬಂತು, ಅಲ್ಲಿಂದ ಮಣಿಕಟ್ಟಿಗೆ ಹತ್ತಿತು. ಈಗ ಕನ್ನಡಕದೊಳಗೆ ಸೇರಿಕೊಳ್ಳಲು ಹೊರಟಿದೆ. ಹೊಸ ಆಕಾರ ಬಂದಾಗಲೆಲ್ಲ ಹಳೆಯದರ ಕಥೆ ಮುಗಿಯಿತು ಅಂತ ಪತ್ರಿಕೆಗಳು ಬರೆದವು. ಯಾವುದೂ ಮುಗಿಯಲಿಲ್ಲ. ಬ್ಯಾಂಕಿಗೆ ಹೋಗಿ ನೋಡು, ಕೌಂಟರಿನ ಮೇಲೆ ಇವತ್ತಿಗೂ ಡೆಸ್ಕ್‌ಟಾಪೇ ಕೂತಿದೆ. ನಿಜವಾಗಿ ಬದಲಾದದ್ದು ಇನ್ನೊಂದು ವಿಷಯ. ಯಂತ್ರ ಚಿಕ್ಕದಾದಾಗಲೆಲ್ಲ ಅದರ ಮೇಲೆ ಬಳಸುವವರಿಗೆ ಇದ್ದ ಅಧಿಕಾರವೂ ಒಂದಿಷ್ಟು ಕಡಿಮೆಯಾಗುತ್ತ ಬಂತು. ಅಳತೆ ಕಡಿಮೆಯಾದರೆ ಅಧಿಕಾರವೂ ಕಡಿಮೆಯಾಗಲೇಬೇಕು ಎಂಬ ನಿಯಮವೇನೂ ಇಲ್ಲ. ಮಾಡುವವರು ಹಾಗೆ ಮಾಡಿದರು, ಕೊಳ್ಳುವವರು ಕೇಳಲಿಲ್ಲ. ನೀನು ಕೇಳುವವಳಾಗು ಅಂತ ಇಷ್ಟು ಉದ್ದ ಬರೆಯುತ್ತಿದ್ದೇನೆ.

1977ರಲ್ಲಿ ಅಮೆರಿಕದಲ್ಲಿ ಆ್ಯಪಲ್ 2 ಬಂತು. ಅದರ ಮುಚ್ಚಳ ತೆಗೆಯಲು ಸ್ಕ್ರೂಡ್ರೈವರ್ ಕೂಡ ಬೇಡ, ಕೈಯಲ್ಲಿ ಎತ್ತಿದರೆ ಬರುತ್ತಿತ್ತು. ಒಳಗೆ ಹೊಸ ಕಾರ್ಡುಗಳನ್ನು ಸಿಕ್ಕಿಸಲು 8 ಸ್ಲಾಟು. ಸ್ಟೀವ್ ಜಾಬ್ಸ್‌ಗೆ ಅಷ್ಟು ಬೇಡ, ಎರಡು ಸಾಕು ಅನ್ನಿಸಿತ್ತು. ವಿನ್ಯಾಸ ಮಾಡಿದ ಸ್ಟೀವ್ ವೋಜ್ನಿಯಾಕ್ ಹಠ ಹಿಡಿದು ಎಂಟನ್ನೂ ಉಳಿಸಿಕೊಂಡರು. ಅದೇ ಕಂಪನಿ 1984ರಲ್ಲಿ ಮ್ಯಾಕಿಂತೋಷ್ ತಂದಾಗ ಮಾತು ಜಾಬ್ಸ್ ಅವರದ್ದೇ ನಡೆಯಿತು. ಸ್ಲಾಟೇ ಇಲ್ಲ, 128 ಕೆಬಿ ಮೆಮೊರಿಯನ್ನು ಬೋರ್ಡಿಗೆ ಬೆಸೆದುಬಿಟ್ಟಿದ್ದರು, ಬಿಚ್ಚಬೇಕೆಂದರೆ ಉದ್ದ ಕತ್ತಿನ ವಿಶೇಷ ಸ್ಕ್ರೂಡ್ರೈವರ್ ಬೇಕು. ತಮಾಷೆ ಏನು ಗೊತ್ತಾ, ಆ ಕವಚದ ಒಳಮೈಯಲ್ಲಿ ಅದನ್ನು ಮಾಡಿದ ತಂಡದವರ ಸಹಿಗಳನ್ನು ಅಚ್ಚು ಹಾಕಿದ್ದರು. ಕೊಂಡವರು ನೋಡಲಾಗದ ಜಾಗದಲ್ಲಿ ಸಹಿ! ಚೆಲುವಿನ ಯಂತ್ರ ಅದು, ಅದರ ಕಿಟಕಿ, ಮೌಸು ಎಲ್ಲ ನಮ್ಮ ಕಣ್ಣು ತೆರೆಸಿದವು, ಇಲ್ಲ ಅನ್ನುವುದಿಲ್ಲ. ಆದರೆ ಮುಚ್ಚಿದ ಪೆಟ್ಟಿಗೆಯ ಅಭ್ಯಾಸವೂ ಅಲ್ಲಿಂದಲೇ ಬೆಳೆಯಿತು.

ಇದರ ನಡುವೆ, 1981ರ ಆಗಸ್ಟಿನಲ್ಲಿ, ಐಬಿಎಂ ತನ್ನ ಪಿಸಿ ಬಿಟ್ಟಿತು. ದೊಡ್ಡ ಕಂಪನಿ, ಆದರೆ ಆತುರದಲ್ಲಿತ್ತು. ಹಾಗಾಗಿ ಪ್ರೊಸೆಸರನ್ನು ಇಂಟೆಲ್‌ನಿಂದ ಕೊಂಡಿತು, ಡಾಸ್ ಅನ್ನು ಮೈಕ್ರೋಸಾಫ್ಟ್‌ನಿಂದ ತಂದಿತು, ಸಾಲದ್ದಕ್ಕೆ ಸರ್ಕ್ಯೂಟ್ ನಕ್ಷೆ ಮತ್ತು ಬಯೋಸ್ ಪ್ರೋಗ್ರಾಮಿನ ಪೂರ್ತಿ ಪಾಠವನ್ನು ಕೈಪಿಡಿಯಲ್ಲಿ ಅಚ್ಚು ಹಾಕಿ ಮಾರಿತು. ಬಯೋಸ್‌ಗೆ ಕಾಪಿರೈಟ್ ಇತ್ತು, ಮಿಕ್ಕಿದ್ದನ್ನು ಯಾರು ಬೇಕಾದರೂ ಮಾಡಬಹುದಿತ್ತು. ಕಾಂಪ್ಯಾಕ್ ಎಂಬ ಹೊಸ ಕಂಪನಿ ಐಬಿಎಂನವರ ಪಾಠವನ್ನು ನಕಲು ಮಾಡದೆ ಅದೇ ಕೆಲಸ ಮಾಡುವ ಬಯೋಸ್ ಬರೆದುಕೊಂಡಿತು. ಆಮೇಲೆ ತೈವಾನಿನವರು ಬಂದರು. ಯಾವ ಕಂಪನಿಯ ಕಾರ್ಡನ್ನು ಯಾವ ಕಂಪನಿಯ ಬೋರ್ಡಿಗೆ ಹಾಕಿದರೂ ನಡೆಯುವ ಕಾಲ ಹಾಗೆ ಬಂತು.

ಬೆಂಗಳೂರಿನ ಎಸ್‌.ಪಿ. ರೋಡ್ ಬೆಳೆದದ್ದು ಆ ಕೈಪಿಡಿಯ ಪುಣ್ಯದಿಂದ ಅಂತ ನಾನು ಹೇಳುತ್ತೇನೆ. ನಮ್ಮಂಥ ಊರಿನ ಅಂಗಡಿಯವರು ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಇಡ್ಲಿ ತಿಂದು, ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರುತ್ತಿದ್ದೆವು. ಮದರ್‌ಬೋರ್ಡ್ ಒಂದು ಕಡೆ, ಎಸ್‌ಎಂಪಿಎಸ್ ಇನ್ನೊಂದು ಕಡೆ, ಕ್ಯಾಬಿನೆಟ್ ಮತ್ತೊಂದು ಗಲ್ಲಿಯಲ್ಲಿ. ಸಂಜೆ ಬಸ್ಸಿನಲ್ಲಿ ಮಾನಿಟರನ್ನು ಟಾಪಿಗೆ ಹಾಕಲು ಧೈರ್ಯ ಸಾಲದೆ ತೊಡೆಯ ಮೇಲಿಟ್ಟುಕೊಂಡು ಬಂದವರೂ ಇದ್ದರು. ನಿಜವಾದ ಲ್ಯಾಪ್‌ಟಾಪ್ ಅದೇ ಅಂತ ಕಂಡಕ್ಟರ್‌ಗಳು ನಗುತ್ತಿದ್ದರು. ಊರಿಗೆ ಬಂದು ಜೋಡಿಸಿ ಕೊಟ್ಟ ‘ಅಸೆಂಬಲ್ಡ್ ಸೆಟ್’ ಹತ್ತು ವರ್ಷ ನಡೆಯುತ್ತಿತ್ತು. ಯಾಕೆ ನಡೆಯುತ್ತಿತ್ತು ಎಂಬುದನ್ನು ಗಮನಿಸು. ನಡುವೆ ಎರಡು ಸಲ ರ್‍ಯಾಮ್ ಹೆಚ್ಚಿಸಿರುತ್ತಿದ್ದೆವು, ಒಂದು ಸಲ ಹಾರ್ಡ್‌ಡಿಸ್ಕ್ ಬದಲಾಯಿಸಿರುತ್ತಿದ್ದೆವು, ಸಿಡಿಲಿಗೆ ಸುಟ್ಟ ಎಸ್‌ಎಂಪಿಎಸ್ ಕಿತ್ತು ಹೊಸದು ಹಾಕಿರುತ್ತಿದ್ದೆವು.

ನಮ್ಮ ಮಲೆನಾಡಿನ ಮಳೆಗಾಲ ನಿನಗೆ ಗೊತ್ತಲ್ಲ. ಆಷಾಢ ಬಂತೆಂದರೆ ಅಂಗಡಿ ಫೋನಿಗೆ ಒಂದೇ ದೂರು: ‘ಸಿಸ್ಟಮ್ ಆನ್ ಆಗ್ತಿಲ್ಲ, ಬರೀ ಬೀಪ್ ಬೀಪ್ ಅಂತಿದೆ.’ ಕ್ಯಾಬಿನೆಟ್ಟಿನ ಪಕ್ಕದ ತಗಡು ಸರಿಸಿ, ರ್‍ಯಾಮಿನ ಎರಡೂ ಕಡೆಯ ಕೊಕ್ಕೆ ಒತ್ತಿದರೆ ಪಟ್ಟಿ ಮೇಲೆದ್ದು ಬರುತ್ತಿತ್ತು. ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ತೇವಕ್ಕೆ ಮಂಕು ಹಿಡಿದಿರುತ್ತಿತ್ತು. ಶಾಲೆ ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಊದಿ, ಸ್ಲಾಟಿಗೆ ಇಟ್ಟು ಎರಡೂ ಕೊಕ್ಕೆ ‘ಟಕ್’ ಅನ್ನುವ ತನಕ ಒತ್ತಿದರೆ ಮುಗಿಯಿತು. ಸ್ವಿಚ್ ಹಾಕಿದರೆ ಒಂದೇ ಸಣ್ಣ ಬೀಪ್, ಪರದೆ ಬೆಳಗುತ್ತಿತ್ತು. ಅದಕ್ಕೆ ದುಡ್ಡು ಕೇಳಲು ನಾಚಿಕೆಯಾಗಿ ಬರೀ ಕಾಫಿ ಕುಡಿದು ಬಂದದ್ದೂ ಉಂಟು. ಗಿರಾಕಿ ಪಕ್ಕದಲ್ಲೇ ನಿಂತು ನೋಡಿ ಮುಂದಿನ ವರ್ಷ ತಾನೇ ಮಾಡಿಕೊಳ್ಳುತ್ತಿದ್ದ. ನಮಗೆ ವ್ಯಾಪಾರ ನಷ್ಟ, ಅವನಿಗೆ ಯಂತ್ರದ ಭಯ ಹೋಯಿತು.

ಇನ್ನು ತೊಡೆಯ ಮೇಲಿನ ಯಂತ್ರಕ್ಕೆ ಬರೋಣ. ಕೈಯಲ್ಲಿ ಎತ್ತಿಕೊಂಡು ಹೋಗುವ ಕಂಪ್ಯೂಟರು ಅಂಗಡಿಗಳಲ್ಲಿ ಚೆನ್ನಾಗಿ ಮಾರಾಟವಾದದ್ದು 1981ರ ಆಸ್‌ಬಾರ್ನ್ 1ರಿಂದ. ಅದನ್ನು ಮಾಡಿಸಿದ ಆ್ಯಡಮ್ ಆಸ್‌ಬಾರ್ನ್ ಬಾಲ್ಯ ಕಳೆದದ್ದು ನಮ್ಮ ಪಕ್ಕದ ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ. ಅವರಪ್ಪ ಆರ್ಥರ್ ಆಸ್‌ಬಾರ್ನ್ ರಮಣ ಮಹರ್ಷಿಗಳ ಭಕ್ತರು. ಮಗ ಅಮೆರಿಕಕ್ಕೆ ಹೋಗಿ 11 ಕಿಲೋ ತೂಕದ ಕಂಪ್ಯೂಟರ್ ಮಾಡಿದ. ಮುಚ್ಚಿಟ್ಟರೆ ಹೊಲಿಗೆ ಯಂತ್ರದ ಪೆಟ್ಟಿಗೆಯ ಹಾಗೆ ಕಾಣುತ್ತಿತ್ತು, ಪರದೆ ಬರೇ 5 ಇಂಚು. ಎರಡೇ ವರ್ಷದಲ್ಲಿ ಕಂಪನಿ ದಿವಾಳಿ ಎದ್ದಿತು. 1982ರಲ್ಲಿ ಬಿಲ್ ಮೊಗ್ರಿಡ್ಜ್ ವಿನ್ಯಾಸ ಮಾಡಿದ ಗ್ರಿಡ್ ಕಂಪಾಸ್ ಬಂತು. ಪರದೆಯನ್ನು ಕೀಬೋರ್ಡಿನ ಮೇಲೆ ಕವುಚುವ ಆ ಕೀಲು ಇವತ್ತಿಗೂ ಬದಲಾಗಿಲ್ಲ. ಬೆಲೆ 8 ಸಾವಿರ ಡಾಲರ್ ಮೀರಿತ್ತು, ಹಾಗಾಗಿ ಬಾಹ್ಯಾಕಾಶ ನೌಕೆಗೆ ಹೋಯಿತು, ಮನೆಗಳಿಗೆ ಬರಲಿಲ್ಲ.

ಮೊದಮೊದಲಿನ ಲ್ಯಾಪ್‌ಟಾಪುಗಳಲ್ಲಿ ಕೀಬೋರ್ಡು ಮುಂದಿನ ಅಂಚಿಗೇ ಇರುತ್ತಿತ್ತು. ಟೈಪ್ ಮಾಡುವಾಗ ಮಣಿಕಟ್ಟು ಗಾಳಿಯಲ್ಲಿ ತೂಗಾಡಬೇಕು. 1991ರಲ್ಲಿ ಆ್ಯಪಲ್‌ನ ಪವರ್‌ಬುಕ್ ಕೀಬೋರ್ಡನ್ನು ಪರದೆಯ ಬುಡಕ್ಕೆ ತಳ್ಳಿ, ಮುಂದೆ ಅಂಗೈ ಊರಲು ಜಾಗ ಮಾಡಿ, ನಡುವೆ ಒಂದು ಉರುಳುಗುಂಡು ಕೂರಿಸಿತು. ಈಗ ನೀನು ನೋಡುವ ಪ್ರತಿ ಲ್ಯಾಪ್‌ಟಾಪೂ ಅದೇ ಏರ್ಪಾಡಿನಲ್ಲಿದೆ, ಉರುಳುಗುಂಡಿನ ಜಾಗಕ್ಕೆ ಟಚ್‌ಪ್ಯಾಡ್ ಬಂದಿದೆ ಅಷ್ಟೆ. ಒಳ್ಳೆಯ ಆಕಾರ ಎಂದರೆ ಮೈಗೆ ಒಗ್ಗುವುದು. ಆದರೂ ಲ್ಯಾಪ್‌ಟಾಪಿನ ಒಂದು ಹುಟ್ಟು ದೋಷ ಹೋಗಿಲ್ಲ: ಪರದೆ ಕಣ್ಣಿನ ಎತ್ತರಕ್ಕೆ ಬಂದರೆ ಕೈ ಮೇಲಾಗುತ್ತದೆ, ಕೈ ಸರಿಯಾದರೆ ಕತ್ತು ಬಗ್ಗುತ್ತದೆ. ಹಾಸ್ಟೆಲ್ ರೂಮಿನಲ್ಲಿ ನಾಲ್ಕು ದಪ್ಪ ಪುಸ್ತಕದ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬೇರೆ ಕೀಬೋರ್ಡು, ಮೌಸು ಸಿಕ್ಕಿಸಿಕೊಂಡು ಕೆಲಸ ಮಾಡು. ಇಪ್ಪತ್ತು ವರ್ಷಕ್ಕೇ ಕತ್ತುನೋವು ಅಂತ ಡಾಕ್ಟರ ಹತ್ತಿರ ಹೋಗುವ ಹುಡುಗ ಹುಡುಗಿಯರನ್ನು ನೋಡಿ ನನಗೆ ಸಾಕಾಗಿದೆ.

ತೆಳ್ಳಗಾಗುವ ಪೈಪೋಟಿ ಹತ್ತಿದ್ದು 2008ರಲ್ಲಿ, ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಕಚೇರಿಯ ಕಾಗದದ ಲಕೋಟೆಯಿಂದ ಮ್ಯಾಕ್‌ಬುಕ್ ಏರ್ ಹೊರತೆಗೆದಾಗ. ಜನ ಚಪ್ಪಾಳೆ ತಟ್ಟಿದರು. ಅದರ ರ್‍ಯಾಮನ್ನು ಬೋರ್ಡಿಗೇ ಬೆಸೆದಿದ್ದರು. ಈಗ ಹೆಚ್ಚಿನ ತೆಳು ಲ್ಯಾಪ್‌ಟಾಪುಗಳದ್ದು ಅದೇ ಕಥೆ, ಯಾವ ಕಂಪನಿಯದಾದರೂ ಸರಿ. ಇದಕ್ಕೆ ಅವರ ಹತ್ತಿರ ಕಾರಣ ಇಲ್ಲದಿಲ್ಲ: ರ್‍ಯಾಮ್ ಪ್ರೊಸೆಸರಿಗೆ ಹತ್ತಿರವಿದ್ದಷ್ಟೂ ವೇಗ ಹೆಚ್ಚು, ವಿದ್ಯುತ್ ಖರ್ಚು ಕಡಿಮೆ. 2020ರ ಆ್ಯಪಲ್ ಎಂ1 ಚಿಪ್ಪಿನಲ್ಲಿ ರ್‍ಯಾಮನ್ನು ಪ್ರೊಸೆಸರಿನ ಜೊತೆ ಒಂದೇ ಪೊಟ್ಟಣದಲ್ಲಿ ಇಟ್ಟಿದ್ದಾರೆ, ಅದರ ಬ್ಯಾಟರಿ ಬಾಳಿಕೆ ನೋಡಿ ನಾನೂ ಬೆರಗಾಗಿದ್ದೇನೆ. ಆದರೆ ನಾಳೆ ನಿನಗೆ ಹೆಚ್ಚು ಮೆಮೊರಿ ಬೇಕಾದರೆ ಯಂತ್ರವನ್ನೇ ಬದಲಾಯಿಸಬೇಕು. ಮೆಮೊರಿ ಚಿಪ್ಪು ಕೆಟ್ಟರೆ ಬೋರ್ಡನ್ನೇ ಬದಲಾಯಿಸಬೇಕು. ಅಲ್ಲಿಗೆ ನನ್ನ ರಬ್ಬರಿಗೆ ಕೆಲಸವಿಲ್ಲ.

ಅಂಗೈ ಯಂತ್ರದ ಕಥೆ ಹೇಳುವಾಗ ಜೆಫ್ ಹಾಕಿನ್ಸ್ ನೆನಪಾಗುತ್ತಾರೆ. ಪಾಮ್ ಪೈಲಟ್ ಮಾಡುವ ಮುಂಚೆ ಅವರು ಅದೇ ಅಳತೆಯ ಮರದ ತುಂಡೊಂದನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಓಡಾಡಿದರಂತೆ. ಯಾರಾದರೂ ಭೇಟಿಗೆ ದಿನ ಕೇಳಿದರೆ ಮರದ ತುಂಡು ತೆಗೆದು ಅದರ ಮೇಲೆ ಕಡ್ಡಿಯಿಂದ ಬರೆದ ಹಾಗೆ ಮಾಡುವುದು. 1993ರ ಆ್ಯಪಲ್ ನ್ಯೂಟನ್ ಜನರ ಕೈಬರಹವನ್ನು ಓದಲು ಹೋಗಿ ನಗೆಪಾಟಲಾಗಿತ್ತು. 1996ರಲ್ಲಿ ಬಂದ ಪೈಲಟ್ ಗೆದ್ದಿತು. ನೀನು ವಸ್ತು ಮಾಡುವವಳಾದರೆ ಈ ಮರದ ತುಂಡನ್ನು ಮರೆಯಬೇಡ.

ಅದಕ್ಕಿಂತ ನಿನಗೆ ಗೊತ್ತಿರಬೇಕಾದ್ದು ಸಿಂಪ್ಯೂಟರ್. ನಿನ್ನ ತರಗತಿಯಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತು ಕೇಳಿ ನೋಡು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಸೇರಿ ಕಟ್ಟಿದ ಅಂಗೈ ಕಂಪ್ಯೂಟರ್ ಅದು. 2001ರಲ್ಲಿ ಜಗತ್ತಿಗೆ ತೋರಿಸಿದರು. ಐಫೋನ್ ಬರಲು ಇನ್ನೂ ಆರು ವರ್ಷ ಇತ್ತು. ಒಳಗೆ ಲಿನಕ್ಸ್, ಬರೆಯಲು ಕಡ್ಡಿ, ಓದಲು ಬಾರದವರಿಗಾಗಿ ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಲ್ಲಿ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು. ವಿದ್ಯುತ್ ಇಲ್ಲದ ಊರಿಗೆ ಅಂತ ಅಂಗಡಿಯಲ್ಲಿ ಸಿಗುವ ಸಣ್ಣ ಸೆಲ್ಲುಗಳಿಂದ ನಡೆಯುವ ಹಾಗೆ ಮಾಡಿದ್ದರು. 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಮಾದರಿಯಲ್ಲಿ ಯಂತ್ರವನ್ನು ಅಲುಗಿಸಿ ಪುಟ ತಿರುವಬಹುದಿತ್ತು, ಅಲುಗಾಟವನ್ನು ಗುರುತಿಸುವ ಸಂವೇದಕ ಒಳಗಿತ್ತು.

ನನಗೆ ಅದರಲ್ಲಿ ತುಂಬ ಹಿಡಿಸಿದ್ದು ಸ್ಮಾರ್ಟ್ ಕಾರ್ಡಿನ ಯೋಚನೆ. ಬಡ ಮನೆಗೊಂದು ಯಂತ್ರ ಕೊಳ್ಳಲಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಯಂತ್ರ ಊರಿಗೊಂದು, ಕಾರ್ಡು ತಲೆಗೊಂದು. ನಿನ್ನ ಕಾರ್ಡು ತೂರಿಸಿದರೆ ಯಂತ್ರ ನಿನ್ನದಾಗುತ್ತದೆ, ತೆಗೆದರೆ ನಿನ್ನ ಮಾಹಿತಿ ನಿನ್ನ ಸೆರಗಿನಲ್ಲಿ. ಹಾರ್ಡ್‌ವೇರ್ ವಿನ್ಯಾಸವನ್ನೂ ಒಂದು ಸಾರ್ವಜನಿಕ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದ್ದರು. ಚಿಕ್ಕದಾದರೂ ಅಧಿಕಾರ ಕಿತ್ತುಕೊಳ್ಳದ ಯಂತ್ರ ಸಾಧ್ಯ ಎಂಬುದಕ್ಕೆ ನಮ್ಮ ನಾಡಿನಲ್ಲೇ ಇದ್ದ ಸಾಕ್ಷಿ ಅದು. ಯಾಕೆ ಸೋತಿತು? ಹತ್ತು ಸಾವಿರದ ಹತ್ತಿರದ ಬೆಲೆ ಹಳ್ಳಿಗೆ ಹೆಚ್ಚಾಯಿತು, ಸರ್ಕಾರಗಳು ನಿರೀಕ್ಷಿಸಿದಷ್ಟು ಕೊಳ್ಳಲಿಲ್ಲ, ಅಷ್ಟರಲ್ಲಿ ಮೊಬೈಲ್ ಫೋನಿನ ಬೆಲೆ ಧಸಕ್ಕನೆ ಇಳಿಯಿತು. ಅದನ್ನು ಬರೀ ‘ಫೇಲ್ ಆದ ಪ್ರಾಜೆಕ್ಟ್’ ಅಂತ ನಿಮ್ಮ ಮೇಷ್ಟ್ರು ಹೇಳಿದರೆ ಒಪ್ಪಬೇಡ. 2011ರಲ್ಲಿ ದೆಹಲಿಯಲ್ಲಿ ಬಿಡುಗಡೆಯಾದ ‘ಆಕಾಶ್’ ಟ್ಯಾಬ್ಲೆಟ್ಟಿನ ಜೊತೆ ಅದನ್ನು ಹೋಲಿಸುವವರೂ ಇದ್ದಾರೆ. ಆಕಾಶ್‌ನಲ್ಲಿ ಅಗ್ಗದ ಬೆಲೆಯ ಹೊರತು ಯೋಚನೆ ಅಂತ ಹೇಳುವಂಥದ್ದು ಕಡಿಮೆ.

ಟ್ಯಾಬ್ಲೆಟ್ ವಿಷಯ ಬಂತಲ್ಲ, ಅದರ ಮೂಲ ಕನಸು ಕೇಳು. 1972ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ಆ್ಯಲನ್ ಕೇ ‘ಡೈನಾಬುಕ್’ ಎಂಬ ಯಂತ್ರದ ಬಗ್ಗೆ ಬರೆದರು. ಪುಸ್ತಕದ ಅಳತೆ, ಮಕ್ಕಳಿಗಾಗಿ, ಅದರಲ್ಲಿ ಮಕ್ಕಳು ತಾವೇ ಪ್ರೋಗ್ರಾಮ್ ಬರೆದು ಆಟ ಕಟ್ಟಬೇಕು. ಆಗ ಅಂಥದ್ದನ್ನು ಮಾಡಲು ಬಿಡಿಭಾಗಗಳೇ ಇರಲಿಲ್ಲ. 2010ರಲ್ಲಿ ಐಪ್ಯಾಡ್ ಬಂದಾಗ ಅಳತೆ ಹೆಚ್ಚುಕಡಿಮೆ ಅದೇ ಆಯಿತು. ಆದರೆ ಅದೇ ವರ್ಷ ಏಪ್ರಿಲ್‌ನಲ್ಲಿ, ಮಕ್ಕಳು ಸ್ಕ್ರ್ಯಾಚ್ ಭಾಷೆಯಲ್ಲಿ ಕಟ್ಟಿದ ಆಟಗಳನ್ನು ತೋರಿಸುವ ಆ್ಯಪನ್ನು ಆ್ಯಪಲ್ ತನ್ನ ಅಂಗಡಿಯಿಂದ ತೆಗೆದುಹಾಕಿತು. ಹೊರಗಿನ ಪ್ರೋಗ್ರಾಮನ್ನು ಒಳಗೆ ನಡೆಸುವ ಆ್ಯಪುಗಳಿಗೆ ಆಗ ಅಲ್ಲಿ ಅನುಮತಿ ಇರಲಿಲ್ಲ. ಆಮೇಲೆ ನಿಯಮ ಸಡಿಲವಾಯಿತು, ಅದು ಬೇರೆ ಮಾತು. ಯಾವ ಪ್ರೋಗ್ರಾಮ್ ನಡೆಯಬೇಕೆಂದು ಕೊಂಡವರು ತೀರ್ಮಾನಿಸುತ್ತಾರೋ ಮಾರಿದವರು ತೀರ್ಮಾನಿಸುತ್ತಾರೋ ಎಂಬ ಪ್ರಶ್ನೆ ಸ್ಕ್ರೂಗಿಂತ ದೊಡ್ಡದು. ಬಿಸಿಎ ಓದುವವಳು ನೀನು. ನೀನು ಬರೆದದ್ದನ್ನು ನಡೆಸಲು ಇನ್ನೊಬ್ಬರ ಅಪ್ಪಣೆ ಬೇಡದ ಯಂತ್ರ ನಿನಗೆ ಬೇಕು.

ಫೋನನ್ನು ಹಳಿಯುತ್ತಾ ಕೂರುವ ಮುದುಕ ನಾನಲ್ಲ. ಲ್ಯಾಪ್‌ಟಾಪು ಯಾವತ್ತೂ ಕಾಲಿಡದ ಎಷ್ಟೋ ಮನೆಗೆ ಫೋನು ಹೋಗಿದೆ. ನಿಮ್ಮಜ್ಜಿ ಅಕ್ಷರ ಒತ್ತಲು ಬಾರದಿದ್ದರೂ ಮೈಕಿನ ಗುರುತು ಒತ್ತಿ ಅರ್ಧ ಗಂಟೆ ಸುದ್ದಿ ಕಳಿಸುತ್ತಾರೆ, ಅದನ್ನು ಕೇಳಿಸಿಕೊಳ್ಳುವ ಕಷ್ಟ ನಮ್ಮದು. ಕೊರೊನಾ ಕಾಲದಲ್ಲಿ ನಮ್ಮ ಗುಡ್ಡಗಾಡಿನ ಮಕ್ಕಳು ಪಾಠ ಕೇಳಿದ್ದು ಫೋನಿನಲ್ಲೇ. ಸುಳ್ಯದ ಕಡೆ ರಸ್ತೆ ಬದಿ ಕೂತು ತರಗತಿ ಕೇಳುವ ಮಗಳಿಗೆ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ 2021ರಲ್ಲಿ ಎಲ್ಲರ ಕೈಗೂ ಬಂದಿತ್ತು. ಪಾಠ ಕೇಳಲು ಫೋನು ಸಾಕಾಯಿತು. ಉತ್ತರ ಬರೆಯುವ ಹೊತ್ತಿಗೆ ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದು ಅದರ ಫೋಟೊ ಹೊಡೆದು ಕಳಿಸಿದರು, ಅದನ್ನೂ ನೋಡು. ನೋಡುವುದಕ್ಕೆ, ಕೇಳುವುದಕ್ಕೆ ಫೋನಿನಷ್ಟು ಒಳ್ಳೆಯ ಆಕಾರ ಇಲ್ಲ. ನೂರು ಸಾಲಿನ ಪ್ರೋಗ್ರಾಮನ್ನು ಹೆಬ್ಬೆರಳಿನಲ್ಲಿ ಬರೆದು ತಪ್ಪು ಹುಡುಕುವುದು ಶಿಕ್ಷೆ. ಲ್ಯಾಪ್‌ಟಾಪಿಗೆ ದುಡ್ಡು ಹೊಂದದ ಗೆಳತಿ ಯಾರಾದರೂ ಇದ್ದರೆ ಅವಳಿಗೆ ಹೇಳು: ಒಂದು ಒಟಿಜಿ ಕನೆಕ್ಟರ್ ಹಾಕಿದರೆ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಿಗೆ ಮಾಮೂಲಿ ಕೀಬೋರ್ಡು, ಮೌಸು ಎರಡೂ ಸೇರುತ್ತವೆ. ದುಡ್ಡು ಹೊಂದುವ ತನಕ ಅದರಲ್ಲೇ ಕೈ ಪಳಗಲಿ.

ಮಡಚುವ ಫೋನು, ಕೈಗಡಿಯಾರ ಇವುಗಳ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ, ದುಡ್ಡಿದ್ದವರ ಖುಷಿ. ಆದರೆ 2024ರಲ್ಲಿ ಅಮೆರಿಕದಲ್ಲಿ ಬಂದ ಹ್ಯೂಮೇನ್ ಕಂಪನಿಯ ಎಐ ಪಿನ್ ಕಥೆ ಮಾತ್ರ ಓದಿಕೋ. ಪರದೆಯೇ ಇಲ್ಲ, ಅಂಗಿಗೆ ಸಿಕ್ಕಿಸಿಕೊಂಡು ಮಾತಾಡುವುದು, ಬೇಕಾದರೆ ಅಂಗೈ ಮೇಲೆ ಬೆಳಕಿನ ಅಕ್ಷರ ಬೀಳುತ್ತದೆ. ಬೆಲೆ 699 ಡಾಲರ್, ಮೇಲೆ ತಿಂಗಳ ಚಂದಾ. 2025ರ ಫೆಬ್ರವರಿಯಲ್ಲಿ ಕಂಪನಿಯ ಬಹುಪಾಲು ಎಚ್‌ಪಿಗೆ ಮಾರಾಟವಾಯಿತು, ಅದೇ ತಿಂಗಳ 28ಕ್ಕೆ ಸರ್ವರ್ ನಿಂತಿತು, ಕೊಂಡವರ ಎದೆಯ ಮೇಲಿದ್ದದ್ದು ಕೆಲಸಕ್ಕೆ ಬಾರದ ಬಿಲ್ಲೆಯಾಯಿತು. 1981ರ ಆಸ್‌ಬಾರ್ನ್‌ಗೆ ಫ್ಲಾಪಿ ಹಾಕಿ ಇವತ್ತಿಗೂ ನಡೆಸುವ ಹವ್ಯಾಸಿಗಳು ಇದ್ದಾರೆ. ಆ ಕಂಪನಿಯೂ ಮುಳುಗಿತ್ತಲ್ಲ, ಯಂತ್ರ ಯಾಕೆ ಮುಳುಗಲಿಲ್ಲ ಎಂಬುದನ್ನು ಯೋಚನೆ ಮಾಡು.

ಇನ್ನೊಂದು ವಿಷಯ ಹೇಳದೆ ಇರಲಾರೆ, ಯಾಕೆಂದರೆ ದಿನಾ ಅಂಗಡಿಯಲ್ಲಿ ನೋಡುತ್ತೇನೆ. ಪ್ರಾಜೆಕ್ಟ್ ಪ್ರಿಂಟಿಗೆ ಬರುವ ಹುಡುಗರನ್ನು ‘ಫೈಲ್ ಎಲ್ಲಿದೆಯಪ್ಪ?’ ಅಂದರೆ ‘ವಾಟ್ಸ್‌ಆ್ಯಪ್‌ನಲ್ಲಿದೆ ಅಂಕಲ್’ ಅನ್ನುತ್ತಾರೆ. ಫೋನಿನಲ್ಲಿ ಎಲ್ಲಿ? ಗೊತ್ತಿಲ್ಲ. ಅದು ಅವರ ತಪ್ಪಲ್ಲ. ಫೋಲ್ಡರನ್ನು ಮುಚ್ಚಿಟ್ಟು ಬರೀ ಆ್ಯಪಿನ ಚಿತ್ರ ತೋರಿಸುವ ಯಂತ್ರದಲ್ಲಿ ಕಲಿತವರು ಅವರು. ನೀನು ಹೊಸ ಯಂತ್ರ ಬಂದ ದಿನವೇ ಸೆಮಿಸ್ಟರಿಗೊಂದು, ವಿಷಯಕ್ಕೊಂದು ಫೋಲ್ಡರ್ ಮಾಡಿಕೋ. ಎರಡು ಕಡೆ ನಕಲಿಡು, ಒಂದು ನಿನ್ನ ಕೈಯಲ್ಲಿ ಹಿಡಿಯಬಲ್ಲ ಡಿಸ್ಕಿನಲ್ಲೇ ಇರಲಿ.

ಮತ್ತೆ, ಎಲ್ಲ ಕಡೆ ತೆರೆಯಬಲ್ಲ ರೂಪದಲ್ಲಿ ಬರೆದಿಡು. ಇದನ್ನು ನಾವು ಕನ್ನಡದವರು ಪೆಟ್ಟು ತಿಂದು ಕಲಿತಿದ್ದೇವೆ. ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳೆಲ್ಲ ಬಂದಾಗ ಡಿಟಿಪಿ ಅಂಗಡಿಗಳಲ್ಲಿ ಹಬ್ಬ. ಆದರೆ ಆ ಕಾಲದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ತಲೆಯ ಮೇಲೆ ಕೊಂಬು ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗ ಇತ್ತು, ನಮ್ಮ ಕಚೇರಿಗಳಿಗೆ, ಪ್ರೆಸ್ಸುಗಳಿಗೆ ಅದು ಇಳಿಯಲು ಬಹಳ ವರ್ಷ ಹಿಡಿಯಿತು. ಫೋನಿನಲ್ಲಿ ಮೊದಮೊದಲು ಕನ್ನಡದ ಜಾಗಕ್ಕೆ ಬರೀ ಚೌಕ ಡಬ್ಬಿಗಳು ಬರುತ್ತಿದ್ದದ್ದು ನಿನ್ನಪ್ಪನಿಗೆ ನೆನಪಿರಬಹುದು. ಈ ಎಲ್ಲದರ ನಡುವೆ ಗಟ್ಟಿಯಾಗಿ ಉಳಿದದ್ದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ನುಡಿಯ ಕೀಲಿಮಣೆ ಅದರ ಮೇಲೇ ನಿಂತಿದೆ. ಡಾಸ್ ಹೋಯಿತು, ಪೇಜ್‌ಮೇಕರ್ ಹೋಯಿತು, ನನ್ನ ಬೆರಳಿಗೆ ಕಲಿಸಿದ್ದು ಹಾಗೇ ಇದೆ. ಕನ್ನಡದಲ್ಲಿ ನೋಡದೆ ಟೈಪ್ ಮಾಡುವುದನ್ನು ಮೊದಲ ಸೆಮಿಸ್ಟರಿನಲ್ಲೇ ಕಲಿ. ಬೇಡ ಅನ್ನಬೇಡ, ನಿನ್ನ ಜೊತೆಯವರಿಗೆ ಬಾರದ ವಿದ್ಯೆ ಅದು.

ಈಗ ನಿನ್ನ ಮೂರು ಲಿಂಕುಗಳಿಗೆ ಉತ್ತರ. ಕೀಬೋರ್ಡ್ ಕಳಚುವುದು ಬೇಡ. ಅದರ ಒಳಭಾಗವೆಲ್ಲ ಪರದೆಯ ಹಿಂದೆ ಅಂಟು ಹಾಕಿ ತುಂಬಿದ್ದು, ಬಿಚ್ಚುವ ಮಾತೇ ಇಲ್ಲ, ತೊಡೆಯ ಮೇಲಿಟ್ಟರೆ ನಿಲ್ಲುವುದೂ ಇಲ್ಲ. ತೆಳ್ಳಗಿನದ್ದೂ ಬೇಡ, ರ್‍ಯಾಮ್ 8 ಜಿಬಿ, ಅದೂ ಬೆಸೆದದ್ದು, ಮೂರನೇ ವರ್ಷಕ್ಕೆ ಏದುಸಿರು ಬಿಡುತ್ತದೆ. ಮಡಚುವುದು ಪರವಾಗಿಲ್ಲ, ಆದರೆ ಆ ದುಡ್ಡಿನಲ್ಲಿ ಅರ್ಧ ಬರೀ ಕೀಲಿಗೆ ಹೋಗುತ್ತದೆ. ನನ್ನ ಕೇಳಿದರೆ ಕಂಪನಿಗಳವರು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ವ್ಯವಹಾರದ ದರ್ಜೆಯ ಲ್ಯಾಪ್‌ಟಾಪು ತಗೋ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಅಂಥವು. ನೋಡಲು ಕಪ್ಪು ಹಲಗೆ, ನಿನ್ನ ಗೆಳತಿಯರು ನಗಬಹುದು. ಆದರೆ ಕೀಬೋರ್ಡು ಗಟ್ಟಿ, ಬಿಡಿಭಾಗ ಸಿಗುತ್ತದೆ, ಕಂಪನಿಯೇ ಬಿಚ್ಚುವ ಕೈಪಿಡಿಯನ್ನು ಎಲ್ಲರಿಗೂ ಸಿಗುವ ಹಾಗೆ ಇಟ್ಟಿರುತ್ತದೆ. ಅದರಲ್ಲೂ ಕೆಲವು ಮಾದರಿಗಳಲ್ಲಿ ಒಂದು ರ್‍ಯಾಮ್ ಬೆಸೆದಿರುತ್ತಾರೆ, ಮಾದರಿ ಸಂಖ್ಯೆ ಕೇಳಿ ನನಗೆ ಕಳಿಸು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು, 11 ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಅದರಿಂದಾಗಿ ಒಳ್ಳೊಳ್ಳೆಯ ಯಂತ್ರಗಳು ಅಗ್ಗಕ್ಕೆ ಬರುತ್ತಿವೆ, ಲಿನಕ್ಸ್ ಹಾಕಿದರೆ ಸೊಗಸಾಗಿ ನಡೆಯುತ್ತವೆ. ಲಿನಕ್ಸ್ ಗೊತ್ತಿಲ್ಲ ಅಂತ ಹೆದರಬೇಡ, ಬಿಸಿಎಯವಳಿಗೆ ಅದು ಪಠ್ಯದ ಭಾಗ.

ಹೊಸದೇ ಬೇಕು ಅಂತ ನಿನ್ನಪ್ಪ ಹಠ ಹಿಡಿದರೆ ಅಂಗಡಿಯಲ್ಲಿ ಮೊದಲು ಯಂತ್ರವನ್ನು ಕವುಚಿ ಹಾಕಿ ಸ್ಕ್ರೂ ಇದೆಯಾ ನೋಡು. ರ್‍ಯಾಮಿಗೆ ಖಾಲಿ ಸ್ಲಾಟ್ ಇದೆಯಾ, ಎಸ್‌ಎಸ್‌ಡಿ ಬದಲಾಯಿಸಬಹುದಾ, ಬ್ಯಾಟರಿ ಸ್ಕ್ರೂ ಮೇಲೆ ನಿಂತಿದೆಯಾ ಅಂಟಿನ ಮೇಲಾ ಕೇಳು. ಇಂಥ ಪ್ರಶ್ನೆಗೆ ಅಂಗಡಿ ಹುಡುಗ ಮುಖ ಗಂಟಿಕ್ಕಬಹುದು. ಕೇಳುವುದು ಹೆಚ್ಚು ಅಂತ ಸಂಕೋಚ ಬೇಡ: ಯುರೋಪಿನವರು ಕೇಳಿ ಕೇಳಿಯೇ 2023ರಲ್ಲಿ ಬ್ಯಾಟರಿ ಕಾನೂನು ಮಾಡಿಸಿಕೊಂಡರು. 2027ರ ಫೆಬ್ರವರಿಯಿಂದ ಅಲ್ಲಿ ಮಾರುವ ಇಂಥ ಯಂತ್ರಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿ ಬಿಟ್ಟು, ಬಳಸುವವರೇ ಬದಲಾಯಿಸುವ ಹಾಗೆ ಇಡಬೇಕು. ನಮ್ಮಲ್ಲೂ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿದೆ, ಕಾನೂನು ಇನ್ನೂ ಆಗಬೇಕು.

ಕಡೆಯದಾಗಿ ಒಂದು ಕೆಲಸ ಹೇಳುತ್ತೇನೆ, ಹಾಸ್ಟೆಲಿಗೆ ಹೋಗುವ ಮೊದಲು ಮಾಡು. ನಿಮ್ಮನೆ ಅಟ್ಟದ ಮೇಲಿರುವ ಹಳೆಯ ಸಿಪಿಯುವನ್ನು ಗುಜರಿಗೆ ಹಾಕುತ್ತೇನೆ ಅಂತ ನಿಮ್ಮಮ್ಮ ಹೇಳುತ್ತಿದ್ದಳು. ಹಾಕುವ ಮುಂಚೆ ಅದರ ಹಾರ್ಡ್‌ಡಿಸ್ಕ್ ಬಿಚ್ಚಿಕೋ, ನಾಲ್ಕು ಸ್ಕ್ರೂ ಅಷ್ಟೆ. ನಿಮ್ಮಜ್ಜ ಊರ ದೇವಸ್ಥಾನದ ಲೆಕ್ಕಪತ್ರ, ವಂಶಾವಳಿ ಎಲ್ಲವನ್ನೂ ನುಡಿಯಲ್ಲಿ ಟೈಪ್ ಮಾಡಿಸಿ ಅದರಲ್ಲೇ ಇಟ್ಟಿದ್ದರು. ಯುನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳಿವೆ, ನೀನೇ ಕೂತು ಮಾಡಬಹುದು. ಆ ಡಿಸ್ಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಕೇಬಲ್ ನನ್ನ ಅಂಗಡಿಯಲ್ಲಿದೆ, ಭಾನುವಾರ ಬಿಟ್ಟು ಯಾವತ್ತಾದರೂ ಬಾ.